ಸೈನಿಕ ಕಾರ್ಯಕ್ರಮಕ್ಕೆ ನಿಮ್ಮ ಹಳೆಯ ಜೀಪು: ದುಡ್ಡು ಯಾರದು, ಹೊಣೆ ಯಾರದು?

ಪುಷ್ಯ ಮಳೆ ಹಿಡಿಯುವ ಹೊತ್ತಿಗೆ ನನಗೆ ಬರುವ ಕರೆಗಳಲ್ಲಿ ಅರ್ಧಕ್ಕರ್ಧ ಒಂದೇ ಬಗೆಯವು. ಸಾಗರದಿಂದ, ತೀರ್ಥಹಳ್ಳಿಯಿಂದ, ಹೊಸನಗರದಿಂದ, ಆಗಾಗ ಕೊಪ್ಪ, ಶೃಂಗೇರಿಯಿಂದಲೂ. “ಜುಲೈ 26ಕ್ಕೆ ಕಾರ್ಗಿಲ್ ವಿಜಯ ದಿನ ಮಾಡುತ್ತಿದ್ದಾರಂತೆ, ನಮ್ಮ ಜೀಪನ್ನು ಮೈದಾನದಲ್ಲಿ ನಿಲ್ಲಿಸಿ ಎಂದು ಕೇಳಿದ್ದಾರೆ. ಡೀಸೆಲ್ ದುಡ್ಡು ಕೇಳಿದರೆ ತಪ್ಪೇ? ಮತ್ತೆ, ಏನಾದರೂ ಹೆಚ್ಚುಕಡಿಮೆಯಾದರೆ ಯಾರ ತಲೆಗೆ?” ಆಗಸ್ಟ್ 15, ಡಿಸೆಂಬರ್ 16ರ ವಿಜಯ ದಿವಸ, ಜನವರಿ 15ರ ಸೇನಾ ದಿನ ಹತ್ತಿರವಾದಾಗಲೂ ಇದೇ ಪ್ರಶ್ನೆ.

ಕೇಳುವವರು ಇವನ್ನು ಎರಡು ಪ್ರಶ್ನೆ ಎಂದುಕೊಂಡಿರುತ್ತಾರೆ. ನಿಜಕ್ಕೂ ಇರುವುದು ಒಂದೇ. ನೀವು ದುಡ್ಡನ್ನು ಯಾವ ಹೆಸರಿನಲ್ಲಿ ತೆಗೆದುಕೊಂಡಿರಿ ಎಂಬುದನ್ನು ನೋಡಿಯೇ ವಿಮಾ ಕಂಪನಿ ನಿಮ್ಮ ಪಕ್ಕ ನಿಲ್ಲಬೇಕೋ ಬೇಡವೋ ಎಂದು ತೀರ್ಮಾನಿಸುತ್ತದೆ. ಹಾಗಾಗಿ ಖರ್ಚಿನ ಮಾತನ್ನು ಹೊಣೆಯ ಮಾತಿನಿಂದ ಬಿಡಿಸದೆ, ಹಂತ ಹಂತವಾಗಿ ಬರೆದಿದ್ದೇನೆ. ವಿಲ್ಲೀಸ್, ಮಹೀಂದ್ರ ಸಿಜೆ, ಜೋಂಗಾದಂಥ ಜೀಪು, ಶಕ್ತಿಮಾನ್ ಲಾರಿ, ಹಳೆಯ ಬುಲೆಟ್, ಹೀಗೆ ಖಾಸಗಿಯವರ ಕೈಯಲ್ಲಿರುವ ಯಾವ ವಾಹನಕ್ಕೂ ಇದು ಹೊಂದುತ್ತದೆ.

1. ಕಾರ್ಯಕ್ರಮ ಯಾರದು ಎಂದು ಮೊದಲು ತಿಳಿದುಕೊಳ್ಳಿ

“ಮಿಲಿಟರಿ ಪ್ರೋಗ್ರಾಂ” ಎಂದು ಫೋನಿನಲ್ಲಿ ಹೇಳುವುದು ಸುಲಭ. ಆ ಮಾತಿನ ಹಿಂದೆ ಮೂರು ಬೇರೆ ಬೇರೆ ಸಂಗತಿಗಳಿರಬಹುದು. ಸೈನ್ಯವೇ ನಡೆಸುವ ಪ್ರದರ್ಶನ, ಜಿಲ್ಲಾಡಳಿತ ನಡೆಸುವ ರಾಷ್ಟ್ರೀಯ ಹಬ್ಬ, ಮಾಜಿ ಸೈನಿಕರ ಸಂಘವೋ ಕಾಲೇಜಿನ ಎನ್‌ಸಿಸಿ ಘಟಕವೋ ನಡೆಸುವ ಸ್ಮರಣೆ. ನಮ್ಮ ಕಡೆ ನಡೆಯುವುದು ಹೆಚ್ಚಾಗಿ ಮೂರನೆಯದು.

ಸೈನ್ಯದ್ದೇ ಆದರೆ ಆಹ್ವಾನ ಘಟಕದ ಲೆಟರ್‌ಹೆಡ್ಡಿನಲ್ಲಿ ಬರುತ್ತದೆ, ಒಳಗೆ ಬಿಡುವ ವಾಹನ ಮತ್ತು ಚಾಲಕರ ಪಟ್ಟಿಯನ್ನು ಮೊದಲೇ ಕೇಳುತ್ತಾರೆ, ಅವರ ನಿಯಮವೇ ಅಲ್ಲಿ ಕೊನೆಯ ಮಾತು. ಜಿಲ್ಲಾಡಳಿತದ್ದಾದರೆ ಪೂರ್ವಭಾವಿ ಸಭೆಯ ನಡಾವಳಿಯಲ್ಲಿ ನಿಮ್ಮ ವಾಹನದ ಪ್ರಸ್ತಾಪ ಇರಬೇಕು. ಸಂಘದ್ದಾದರೆ ಆ ಸಂಘ ನೋಂದಣಿಯಾಗಿದೆಯೇ ಎಂದು ಕೇಳಿ. ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ, 1960ರ ಅಡಿ ನೋಂದಣಿಯಾದ ಸಂಘಕ್ಕೆ ತನ್ನದೇ ಹೆಸರು, ಬ್ಯಾಂಕ್ ಖಾತೆ, ಲೆಕ್ಕಪತ್ರ ಇರುತ್ತವೆ. ನಾಲ್ಕು ಜನ ಗೆಳೆಯರು ಸೇರಿ ಇಟ್ಟುಕೊಂಡ ಹೆಸರಿಗೆ ಇವು ಯಾವುವೂ ಇರುವುದಿಲ್ಲ. ನಾಳೆ ನೋಟಿಸು ಬಂದರೆ ಅದು ಬಂದು ಬೀಳುವುದು ವ್ಯಕ್ತಿಗಳ ಮೇಲೆ, ಆ ವ್ಯಕ್ತಿಗಳಲ್ಲಿ ನೀವೂ ಒಬ್ಬರಾಗಬಹುದು.

ಯಾರೇ ಆಗಲಿ, ಒಂದು ಪತ್ರ ತೆಗೆದುಕೊಳ್ಳಿ. ವಾಹನದ ನಂಬರ್, ದಿನಾಂಕ, ಸ್ಥಳ, ವಾಹನ ನಿಂತೇ ಇರುತ್ತದೋ ಮೆರವಣಿಗೆಯಲ್ಲಿ ಓಡುತ್ತದೋ, ಮೈದಾನಕ್ಕೆ ಪೊಲೀಸ್ ಅನುಮತಿ ಪಡೆದವರು ಯಾರು, ಖರ್ಚು ಕೊಡುವವರು ಯಾರು, ಜನರನ್ನು ನಿಯಂತ್ರಿಸುವವರು ಯಾರು. ಇಷ್ಟು ಅದರಲ್ಲಿರಲಿ. ವಾಟ್ಸಾಪಿನಲ್ಲಿ ಬಂದ ಬಣ್ಣದ ಆಮಂತ್ರಣ ಪತ್ರಿಕೆ ಇದಕ್ಕೆ ಬದಲಿಯಲ್ಲ.

2. ಆರ್‌ಸಿ (ನೋಂದಣಿ ಪತ್ರ) ಜೀವಂತವಾಗಿದೆಯೇ ನೋಡಿ

ಖಾಸಗಿ ವಾಹನದ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ, ಆಮೇಲೆ ಐದೈದು ವರ್ಷಕ್ಕೆ ನವೀಕರಿಸಬೇಕು. ತೋಟದ ಮನೆಯ ಕೊಟ್ಟಿಗೆಯಲ್ಲಿ ನಿಂತ ಎಷ್ಟೋ ಜೀಪುಗಳ ಆರ್‌ಸಿ ಸತ್ತು ಯಾವ ಕಾಲವಾಯಿತೋ. ಅಡಿಕೆ ಹೊರಲು ತೋಟದೊಳಗೆ ಓಡಿಸುತ್ತಿರುವವರೆಗೆ ಯಾರೂ ಕೇಳುವುದಿಲ್ಲ. ಆದರೆ ನೋಂದಣಿಯಿಲ್ಲದ ವಾಹನವನ್ನು ಸಾರ್ವಜನಿಕ ಸ್ಥಳದಲ್ಲಿ ಓಡಿಸಿದರೆ ಮೋಟಾರು ವಾಹನ ಕಾಯ್ದೆ, 1988ರ 39ನೇ ಕಲಂ ಮುರಿದಂತೆ. “ಸಾರ್ವಜನಿಕ ಸ್ಥಳ” ಎಂದರೆ ರಸ್ತೆ ಮಾತ್ರವಲ್ಲ, ಜನರಿಗೆ ಹೋಗಿಬರುವ ಹಕ್ಕಿರುವ ಯಾವ ಜಾಗವೂ ಹೌದು ಎಂದು ಕಾಯ್ದೆಯೇ ಹೇಳುತ್ತದೆ. ಬಾಗಿಲು ತೆರೆದಿಟ್ಟ ಕ್ರೀಡಾಂಗಣ ಅದರೊಳಗೆ ಬರುವುದಿಲ್ಲ ಎಂದು ವಾದಿಸಿ ಗೆಲ್ಲುವ ಆಸೆ ಇಟ್ಟುಕೊಳ್ಳಬೇಡಿ.

ಸೈನ್ಯದ ಹರಾಜಿನಲ್ಲಿ ಕೊಂಡ ವಾಹನಕ್ಕೆ ಇನ್ನೊಂದು ತೊಡಕಿದೆ. ಸೈನ್ಯದಲ್ಲಿರುವಷ್ಟು ದಿನ ಅದರ ನೋಂದಣಿ ಬೇರೆ ಪದ್ಧತಿಯದು, ನಂಬರಿನ ಜೊತೆ ಮೇಲ್ಮುಖ ಬಾಣದ ಗುರುತು ಇರುತ್ತದೆ. ಸರ್ಕಾರದ ಕೈ ಬಿಟ್ಟ ಕೂಡಲೇ ಅದು ಸಾಮಾನ್ಯ ವಾಹನ. ಕೆಎ 14 (ಶಿವಮೊಗ್ಗ), ಕೆಎ 15 (ಸಾಗರ), ಕೆಎ 18 (ಚಿಕ್ಕಮಗಳೂರು), ಎಲ್ಲಿಯದೋ ಒಂದು ನಂಬರ್ ಪಡೆಯಲೇಬೇಕು. “ಒರಿಜಿನಲ್ ಲುಕ್” ಬೇಕೆಂದು ಆ ಬಾಣದ ನಂಬರನ್ನು ಬರೆದುಕೊಂಡು ರಸ್ತೆಗಿಳಿಯುವವರಿದ್ದಾರೆ. ದಯವಿಟ್ಟು ಬೇಡ.

ಐವತ್ತು ವರ್ಷ ದಾಟಿದ ವಾಹನಕ್ಕೆ ವಿಂಟೇಜ್ ನೋಂದಣಿ ಎಂಬ ದಾರಿ 2021ರಲ್ಲಿ ತೆರೆದಿದೆ. ಮೊದಲ ನೋಂದಣಿಯ ದಿನದಿಂದ 50 ವರ್ಷ ಮೀರಿದ, ವಾಣಿಜ್ಯ ಬಳಕೆಯಲ್ಲದ ದ್ವಿಚಕ್ರ ಮತ್ತು ನಾಲ್ಕು ಚಕ್ರದ ವಾಹನಗಳಿಗೆ ಇದು. ಕೇಂದ್ರ ಸರ್ಕಾರದ ಪರಿವಾಹನ್ ಜಾಲತಾಣದಲ್ಲಿ ನೋಂದಣಿಯ ಅರ್ಜಿಯಾದ ಫಾರಂ 20 ಹಾಕಬೇಕು, ವಿಮೆ ಮತ್ತು ಹಳೆಯ ಆರ್‌ಸಿ ಲಗತ್ತಿಸಬೇಕು. ಹೊಸ ನೋಂದಣಿಗೆ 20,000 ರೂಪಾಯಿ, ಮರುನೋಂದಣಿಗೆ 5,000 ಎಂದು ನಿಯಮದಲ್ಲಿ ನಿಗದಿಯಾಗಿದೆ. ನಂಬರಿನಲ್ಲಿ “ವಿಎ” ಅಕ್ಷರ ಬರುತ್ತದೆ. ಅವಧಿ 10 ವರ್ಷ. ಪ್ರದರ್ಶನಕ್ಕೆ, ವಿಂಟೇಜ್ ರ‍್ಯಾಲಿಗೆ, ಇಂಧನ ಹಾಕಿಸಲು, ರಿಪೇರಿಗೆ ಓಡಿಸಬಹುದು, ದಿನನಿತ್ಯ ಪೇಟೆಗೆ ಹೋಗಲು ಆಗದು.

ಕೇಳಲು ಚೆನ್ನಾಗಿದೆ. ಆದರೆ ಚಾಸಿ, ಬಾಡಿ, ಎಂಜಿನ್ ಮೂಲದಂತೆಯೇ ಇರಬೇಕೆಂಬ ಷರತ್ತೂ ಅಲ್ಲೇ ಇದೆ. ಮಲೆನಾಡಿನ ಜೀಪುಗಳಲ್ಲಿ ಮೂಲದ ಪೆಟ್ರೋಲ್ ಎಂಜಿನ್ ಉಳಿಸಿಕೊಂಡವು ಎಷ್ಟಿವೆ? ಡೀಸೆಲ್ ಎಂಜಿನ್ ಕೂರಿಸಿ ಮೂವತ್ತು ವರ್ಷವಾಗಿರುತ್ತದೆ, ಬಾಡಿಯನ್ನು ಮೇಸ್ತ್ರಿ ಎರಡು ಸಲ ಹೊಸದಾಗಿ ಮಡಿಸಿರುತ್ತಾನೆ. ಅಂಥವಕ್ಕೆ ಸಾಮಾನ್ಯ ನವೀಕರಣವೇ ದಾರಿ, ಅದಕ್ಕೂ ಮೊದಲು ಎಂಜಿನ್ ಬದಲಾದದ್ದು ಆರ್‌ಸಿಯಲ್ಲಿ ದಾಖಲಾಗಿರಬೇಕು. ಆಗಿಲ್ಲವಾದರೆ ಈ ವರ್ಷ ಜೀಪನ್ನು ಓಡಿಸದೆ ಲಾರಿಯ ಮೇಲೇರಿಸಿ ತಂದು ನಿಲ್ಲಿಸುವುದು ಮೇಲು. ವಿಮೆ ಆಗಲೂ ಬೇಕು.

3. ಬಣ್ಣ, ಬಾವುಟ, ಸಮವಸ್ತ್ರ

ಇದು ಯಾರಿಗೂ ಇಷ್ಟವಾಗದ ಭಾಗ. ಕೇಂದ್ರ ಮೋಟಾರು ವಾಹನ ನಿಯಮಗಳ 121ನೇ ನಿಯಮ ಆಲಿವ್ ಗ್ರೀನ್ ಬಣ್ಣವನ್ನು ರಕ್ಷಣಾ ಇಲಾಖೆಯ ವಾಹನಗಳಿಗೆ ಮೀಸಲಿಟ್ಟಿದೆ. ಖಾಸಗಿ ವಾಹನ ಆ ಬಣ್ಣದಲ್ಲಿರುವಂತಿಲ್ಲ. ದಾರಿಯಲ್ಲಿ ಹತ್ತು ಜೀಪು ಅದೇ ಬಣ್ಣದಲ್ಲಿ ಓಡಾಡುತ್ತವೆ ಎನ್ನುತ್ತೀರಿ. ಓಡಾಡುತ್ತವೆ. ಅಪಘಾತವಾಗಿ ಕಡತ ತೆರೆದ ದಿನ ಮೊದಲು ಕಣ್ಣಿಗೆ ಬೀಳುವುದೂ ಆ ಬಣ್ಣವೇ. ಹೊಸದಾಗಿ ಬಣ್ಣ ಬಳಿಸುವವರು ಬೇರೆ ಹಸಿರು, ಬೂದು, ಮರಳು ಬಣ್ಣ ಯಾವುದನ್ನಾದರೂ ಆರಿಸಿ, ಆರ್‌ಸಿಯಲ್ಲಿ ಬರೆಸಿ.

ಬಾನೆಟ್ಟಿನ ಮೇಲೆ ರಾಷ್ಟ್ರಧ್ವಜದ ಕೋಲು ನೆಡಬೇಡಿ. ಕಾರಿನ ಮೇಲೆ ಧ್ವಜ ಹಾರಿಸುವ ಅಧಿಕಾರ ರಾಷ್ಟ್ರಪತಿ, ರಾಜ್ಯಪಾಲರು, ಮಂತ್ರಿಗಳು, ನ್ಯಾಯಮೂರ್ತಿಗಳು ಮುಂತಾದ ಕೆಲವರಿಗೆ ಮಾತ್ರ ಎಂದು 2002ರ ಧ್ವಜ ಸಂಹಿತೆ ಹೇಳುತ್ತದೆ. ವಾಹನದ ಮೇಲೆ, ಪಕ್ಕಕ್ಕೆ, ಹಿಂದಕ್ಕೆ ಧ್ವಜವನ್ನು ಹೊದಿಸುವುದು ಇನ್ನೂ ದೊಡ್ಡ ತಪ್ಪು. ರಾಷ್ಟ್ರೀಯ ಗೌರವಕ್ಕೆ ಅಪಮಾನ ತಡೆ ಕಾಯ್ದೆ, 1971ರಲ್ಲಿ ಮೂರು ವರ್ಷದವರೆಗೆ ಸಜೆಯಿದೆ. ವಾಹನದ ಪಕ್ಕದಲ್ಲಿ ನೆಲಕ್ಕೆ ಕಂಬ ನೆಟ್ಟು, ಕ್ರಮವಾಗಿ ಹಾರಿಸಿ, ಯಾರ ತಕರಾರೂ ಇರುವುದಿಲ್ಲ.

ಚಾಲಕನಿಗೆ ಸೈನಿಕ ವೇಷ ಹಾಕಿಸುವುದೂ ಬೇಡ. ಸೈನಿಕನೆಂದು ನಂಬಿಸುವ ಉದ್ದೇಶದಿಂದ ಅಂಥ ಉಡುಪು ತೊಡುವುದು ಭಾರತೀಯ ನ್ಯಾಯ ಸಂಹಿತೆಯ 168ನೇ ಕಲಮಿನಲ್ಲಿ ಅಪರಾಧ. ನಿಮ್ಮ ಉದ್ದೇಶ ಅದಲ್ಲದಿರಬಹುದು. ಅದನ್ನು ಠಾಣೆಯಲ್ಲಿ ಕುಳಿತು ವಿವರಿಸುವ ಗೋಜು ಯಾಕೆ? ಬಿಳಿ ಅಂಗಿ, ಕಪ್ಪು ಪ್ಯಾಂಟು ಸಾಕು. ಜೀಪಿನ ಮೇಲೆ ಮರದ ಮೆಷಿನ್‌ಗನ್ ಕೂರಿಸುವ ಉಮೇದು ಇದ್ದವರೂ ಪೊಲೀಸರನ್ನು ಕೇಳದೆ ಮುಂದುವರಿಯಬೇಡಿ.

4. ಪಾಲಿಸಿಯನ್ನು ತೆರೆದು ಓದಿ

ಸೈನ್ಯದ ವಾಹನಕ್ಕೆ ವಿಮೆ ಇರುವುದಿಲ್ಲ, ನಮಗೇಕೆ ಎಂದು ಒಬ್ಬರು ಕೇಳಿದ್ದರು. ವಾಣಿಜ್ಯಕ್ಕೆ ಬಳಸದ ಸರ್ಕಾರಿ ವಾಹನಗಳಿಗೆ ಮೋಟಾರು ವಾಹನ ಕಾಯ್ದೆಯೇ ವಿನಾಯಿತಿ ಕೊಟ್ಟಿದೆ, ಅವುಗಳ ಹೊಣೆಯನ್ನು ಸರ್ಕಾರ ಹೊರುತ್ತದೆ. ನಿಮ್ಮದಕ್ಕೆ ಆ ವಿನಾಯಿತಿ ಇಲ್ಲ. ವಿಮೆಯಿಲ್ಲದೆ ಸಿಕ್ಕಿಬಿದ್ದರೆ ಮೊದಲ ಸಲ 2,000 ರೂಪಾಯಿ ದಂಡ, ಮೂರು ತಿಂಗಳವರೆಗೆ ಸಜೆ, ಅಥವಾ ಎರಡೂ. ದಂಡ ಸಣ್ಣದು, ಪರಿಹಾರದ ಮೊತ್ತ ಸಣ್ಣದಲ್ಲ. ಚಾಲಕನ ತಪ್ಪು ಇರಲಿ ಇಲ್ಲದಿರಲಿ, ವಾಹನ ಅಪಘಾತದಲ್ಲಿ ಸತ್ತವರ ಕುಟುಂಬಕ್ಕೆ ಐದು ಲಕ್ಷ, ತೀವ್ರ ಗಾಯಕ್ಕೆ ಎರಡೂವರೆ ಲಕ್ಷ ಎಂದು 164ನೇ ಕಲಂ ಗೊತ್ತುಮಾಡಿದೆ. ತಪ್ಪು ಸಾಬೀತುಮಾಡಿ 166ನೇ ಕಲಮಿನಡಿ ಕೇಳುವ ಮೊತ್ತಕ್ಕೆ ಮೇಲ್ಮಿತಿಯೇ ಇಲ್ಲ.

“ನಿಂತ ವಾಹನದಿಂದ ಏನಾಗುತ್ತದೆ?” ಎನ್ನುವವರಿಗೆ ಒಂದು ಹಳೆಯ ತೀರ್ಪು. 1987ರಲ್ಲಿ ಪುಣೆ–ಬೆಂಗಳೂರು ಹೆದ್ದಾರಿಯಲ್ಲಿ ಮಗುಚಿ ಬಿದ್ದಿದ್ದ ಪೆಟ್ರೋಲ್ ಟ್ಯಾಂಕರ್ ಗಂಟೆಗಳ ನಂತರ ಸ್ಫೋಟಿಸಿ ಹಲವರು ಸತ್ತರು. ಟ್ಯಾಂಕರ್ ಓಡುತ್ತಿರಲಿಲ್ಲ, ಹಾಗಾಗಿ ಇದು ವಾಹನದ “ಬಳಕೆ”ಯಿಂದಾದ ಅಪಘಾತವಲ್ಲ ಎಂಬ ವಾದವನ್ನು ಸುಪ್ರೀಂ ಕೋರ್ಟ್ 1991ರಲ್ಲಿ ತಳ್ಳಿಹಾಕಿತು. ನಿಂತ ವಾಹನವೂ ಬಳಕೆಯಲ್ಲಿರುವ ವಾಹನವೇ.

ಈಗ ಪಾಲಿಸಿ. ಎರಡು ಬಗೆಯಿದೆ. ಬರೀ ಥರ್ಡ್ ಪಾರ್ಟಿ, ಅಂದರೆ ಕಾನೂನಿಗೆ ಬೇಕಾದಷ್ಟು ಮಾತ್ರ: ಹೊರಗಿನವರಿಗಾದ ಸಾವು, ಗಾಯ, ಮತ್ತು ಅವರ ಆಸ್ತಿಗಾದ ಹಾನಿ (ಖಾಸಗಿ ಕಾರಿಗೆ ಸಾಮಾನ್ಯವಾಗಿ ಏಳೂವರೆ ಲಕ್ಷದವರೆಗೆ, ದ್ವಿಚಕ್ರಕ್ಕೆ ಒಂದು ಲಕ್ಷ). ಎರಡನೆಯದು ಜನ “ಫುಲ್ ಇನ್ಶೂರೆನ್ಸ್” ಎನ್ನುವ ಪ್ಯಾಕೇಜ್ ಪಾಲಿಸಿ, ಅದರಲ್ಲಿ ನಿಮ್ಮ ವಾಹನದ ಹಾನಿಯೂ ಸೇರುತ್ತದೆ. ಹಳೆಯ ಜೀಪಿಗೆ ಹೆಚ್ಚಿನವರು ಮೊದಲನೆಯದನ್ನೇ ಮಾಡಿಸಿರುತ್ತಾರೆ. ಅಲ್ಲೊಂದು ಗುಂಡಿ ಇದೆ: ಬರೀ ಥರ್ಡ್ ಪಾರ್ಟಿ ಪಾಲಿಸಿಯಲ್ಲಿ ಜೀಪಿನೊಳಗೆ ಪುಕ್ಕಟೆಯಾಗಿ ಕುಳಿತವರು, ಬೈಕಿನ ಹಿಂದೆ ಕುಳಿತವರು ಸೇರುವುದಿಲ್ಲ. ನ್ಯಾಯಾಲಯಗಳು ಇದನ್ನು ಮತ್ತೆ ಮತ್ತೆ ಹೇಳಿವೆ. ಪ್ಯಾಕೇಜ್ ಪಾಲಿಸಿಯಲ್ಲಿ ಅವರು ಸೇರುತ್ತಾರೆ. ಮೆರವಣಿಗೆಯಲ್ಲಿ ಹಿರಿಯ ಮಾಜಿ ಸೈನಿಕರನ್ನು ಕೂರಿಸಿಕೊಂಡು ಹೋಗುವ ಯೋಚನೆಯಿದ್ದರೆ ಪ್ಯಾಕೇಜ್ ಇಲ್ಲದೆ ಹೊರಡಲೇಬೇಡಿ.

ಶಕ್ತಿಮಾನ್‌ನಂಥ ಲಾರಿಯ ಸಂಗತಿ ಇನ್ನೂ ಕಠಿಣ. ಸರಕು ವಾಹನದ ಹಿಂಬದಿಯಲ್ಲಿ ಜನ ನಿಂತು ಬಿದ್ದರೆ ವಿಮೆ ಹೊಣೆಯಲ್ಲ ಎಂಬುದು ಸುಪ್ರೀಂ ಕೋರ್ಟಿನ ನಿಲುವು. ಲಾರಿ ಮೇಲಿನ ಸ್ತಬ್ಧಚಿತ್ರದಲ್ಲಿ ಶಾಲಾ ಮಕ್ಕಳು ಬಂದೂಕು ಹಿಡಿದು ನಿಲ್ಲುವ ದೃಶ್ಯ ನೋಡಿದಾಗಲೆಲ್ಲ ನನಗೆ ಚಪ್ಪಾಳೆ ತಟ್ಟಲು ಕೈ ಬರುವುದಿಲ್ಲ. ಗೊಂಬೆ ನಿಲ್ಲಿಸಿ, ಮಕ್ಕಳು ಪಕ್ಕದಲ್ಲಿ ನಡೆಯಲಿ.

ಇನ್ನು ಪಾಲಿಸಿಯ “ಬಳಕೆಯ ಮಿತಿ” ಎಂಬ ಪ್ಯಾರಾ. ಸಣ್ಣ ಅಕ್ಷರದಲ್ಲಿರುತ್ತದೆ, ಕನ್ನಡಕ ಹಾಕಿಕೊಂಡು ಓದಿ. ಬಾಡಿಗೆಗೆ ಅಥವಾ ಪ್ರತಿಫಲಕ್ಕೆ ಬಳಸುವುದು, ಸರಕು ಸಾಗಣೆ, ರೇಸು, ವೇಗ ಪರೀಕ್ಷೆ, ಸಾಮರ್ಥ್ಯದ ಸ್ಪರ್ಧೆ ಇವಕ್ಕೆ ಪಾಲಿಸಿ ಅನ್ವಯಿಸದು ಎಂದು ಅದರಲ್ಲಿರುತ್ತದೆ. ಸುಮ್ಮನೆ ಸಾಲಾಗಿ ಸಾಗುವ ಮೆರವಣಿಗೆ ಸ್ಪರ್ಧೆಯಲ್ಲ. ಆದರೆ ಸಂಘಟಕರು ಉತ್ಸಾಹದಿಂದ “ಆಗುಂಬೆವರೆಗೆ ಟೈಂ ರ‍್ಯಾಲಿ, ಗೆದ್ದವರಿಗೆ ಕಪ್” ಎಂದು ಸೇರಿಸಿದರೆ ಕತೆ ಬದಲಾಯಿತು. ರ‍್ಯಾಲಿಗೆಂದೇ ಇರುವ ಹೆಚ್ಚುವರಿ ಷರತ್ತನ್ನು (ಏಜೆಂಟರು ಇದನ್ನು ಐಎಂಟಿ 31 ಎನ್ನುತ್ತಾರೆ) ಮೊದಲೇ ಹಣ ಕಟ್ಟಿ ಬರೆಸಿಕೊಳ್ಳಬೇಕಾಗುತ್ತದೆ. ಸಂಬಳದ ಚಾಲಕನಿದ್ದರೆ ಅವನಿಗಾಗಿ ಐಎಂಟಿ 28 ಎಂಬ ಹೆಚ್ಚುವರಿ ಷರತ್ತು ಇದೆಯೇ ನೋಡಿ. ಮಾಲೀಕರೇ ಓಡಿಸುವುದಾದರೆ 15 ಲಕ್ಷದ ವೈಯಕ್ತಿಕ ಅಪಘಾತ ವಿಮೆ ಸೇರಿರಲಿ.

ಲಾರಿ ಮೇಲೆ ಸಾಗಿಸುವಾಗ ನಿಮ್ಮ ಜೀಪಿಗೇ ಪೆಟ್ಟಾದರೆ? ಪ್ಯಾಕೇಜ್ ಪಾಲಿಸಿ ರಸ್ತೆ, ರೈಲಿನಲ್ಲಿ ಸಾಗುವಾಗಿನ ಹಾನಿಯನ್ನೂ ಒಳಗೊಳ್ಳುತ್ತದೆ. ವಾಹನದ ಬೆಲೆಯನ್ನು ಮಾತ್ರ ಕಂಪನಿಯೊಂದಿಗೆ ಒಪ್ಪಿಕೊಂಡು ಪಾಲಿಸಿಯಲ್ಲಿ ಬರೆಸಿರಬೇಕು. ಇಲ್ಲವಾದರೆ ಎರಡು ವರ್ಷ ಮೈ ಬಗ್ಗಿಸಿ ರಿಪೇರಿ ಮಾಡಿಸಿದ ವಿಲ್ಲೀಸ್‌ಗೆ ಗುಜರಿಯ ಬೆಲೆ ಕಟ್ಟುತ್ತಾರೆ.

5. ದುಡ್ಡಿನ ಮಾತು

ಪಾಲಿಸಿಯ “ಬಳಕೆಯ ಮಿತಿ”ಯಲ್ಲಿ “ಬಾಡಿಗೆ ಅಥವಾ ಪ್ರತಿಫಲ” ಎಂಬ ಮಾತು ಬಂತಲ್ಲ, ಎಲ್ಲ ಎಡವಟ್ಟು ಅಲ್ಲೇ ಹುಟ್ಟುವುದು.

ಸಂಘದವರು ಪ್ರೀತಿಯಿಂದ ಐದು ಸಾವಿರ ಕೊಟ್ಟು ವೋಚರಿನಲ್ಲಿ “ಜೀಪು ಬಾಡಿಗೆ” ಎಂದು ಬರೆಯುತ್ತಾರೆ. ಬರೆದವರಿಗೆ ದುರುದ್ದೇಶವಿಲ್ಲ, ಖರ್ಚಿನ ತಲೆಬರಹ ಯಾವುದಾದರೂ ಬೇಕಲ್ಲ. ಆದರೆ ಆ ಒಂದು ಪದಕ್ಕೆ ನೀವು ಸಹಿ ಹಾಕಿದರೆ ಬಿಳಿ ಬೋರ್ಡಿನ (ಖಾಸಗಿ) ವಾಹನವನ್ನು ಬಾಡಿಗೆಗೆ ಓಡಿಸಿದೆ ಎಂದು ನೀವೇ ಒಪ್ಪಿಕೊಂಡಂತೆ. ವಿಮೆ ಕಂಪನಿಗೆ ಹಿಂದೆ ಸರಿಯಲು ಅಷ್ಟು ಸಾಕು, ಪರ್ಮಿಟ್ ಇಲ್ಲದ ಬಾಡಿಗೆಯ ದಂಡವೂ ಬೇರೆ, ಅದು 10,000 ರೂಪಾಯಿಯವರೆಗೆ ಹೋಗುತ್ತದೆ. “ಗೌರವಧನ” ಎಂದು ಬರೆಸಿದರೂ ಪ್ರತಿಫಲದ ವಾಸನೆ ಹೋಗುವುದಿಲ್ಲ.

ಹಾಗಾದರೆ ಕೈಯಿಂದಲೇ ಖರ್ಚು ಮಾಡಬೇಕೇ? ಬೇಕಿಲ್ಲ. ಸುರಕ್ಷಿತ ಕ್ರಮ ಹೀಗೆ. ಇಂಧನವನ್ನು ಸಂಘವೇ ಪೆಟ್ರೋಲ್ ಬಂಕಿನಲ್ಲಿ ಹಾಕಿಸಿ, ಬಿಲ್ಲನ್ನು ತನ್ನ ಹೆಸರಿನಲ್ಲೇ ಪಡೆಯಲಿ. ಸಾಗಣೆ ಲಾರಿಯ ಬಾಡಿಗೆಯನ್ನು ಲಾರಿಯವನಿಗೆ ಸಂಘವೇ ನೇರವಾಗಿ ಕೊಡಲಿ. ಪ್ರದರ್ಶನಕ್ಕೆಂದು ಪಾಲಿಸಿಯನ್ನು ವಿಸ್ತರಿಸಿದ್ದರೆ ಆ ಹೆಚ್ಚುವರಿ ಪ್ರೀಮಿಯಮ್ಮಿನ ರಸೀದಿ ಕೊಟ್ಟು ಅಷ್ಟನ್ನೇ ವಾಪಸ್ ಪಡೆಯಿರಿ. ನಿಮ್ಮ ಕೈಗೆ ಬರುವುದು ಆದ ಖರ್ಚಿಗಿಂತ ಒಂದು ರೂಪಾಯಿಯೂ ಹೆಚ್ಚಿರಬಾರದು, ಹೆಚ್ಚಿಲ್ಲ ಎಂಬುದು ಕಾಗದದಲ್ಲಿ ಕಾಣಬೇಕು. ಇಷ್ಟಾದ ಮೇಲೂ ನಿಮ್ಮ ವಿಮಾ ಶಾಖೆಗೆ ಒಂದು ಇಮೇಲ್ ಹಾಕಿ: “ಈ ದಿನ, ಈ ಸ್ಥಳದಲ್ಲಿ, ಪ್ರತಿಫಲವಿಲ್ಲದೆ ಪ್ರದರ್ಶನಕ್ಕೆ ಇಡುತ್ತಿದ್ದೇನೆ, ಇಂಧನ ವೆಚ್ಚ ಮಾತ್ರ ಸಂಘದ್ದು, ಪಾಲಿಸಿ ಅನ್ವಯಿಸುತ್ತದೆಯೇ?” ಉತ್ತರ ಬರವಣಿಗೆಯಲ್ಲೇ ಬರಲಿ. ಏಜೆಂಟ್ ಫೋನಿನಲ್ಲಿ “ಏನೂ ಆಗಲ್ಲ ಬಿಡಿ ಸಾರ್” ಎಂದದ್ದು ಉತ್ತರವಲ್ಲ.

ಮಕ್ಕಳಿಗೆ ಒಂದು ಸುತ್ತಿಗೆ ಇಪ್ಪತ್ತು ರೂಪಾಯಿ ಎಂದು ಜಾಲಿ ರೈಡ್ ಇಡುವ ಸಲಹೆ ಎಲ್ಲ ಸಭೆಯಲ್ಲೂ ಯಾರಾದರೊಬ್ಬರು ಕೊಡುತ್ತಾರೆ. ದುಡ್ಡು ವೀರ ಯೋಧರ ಕುಟುಂಬಕ್ಕೇ ಹೋಗುತ್ತದೆ ಎನ್ನುತ್ತಾರೆ. ಎಲ್ಲಿಗೇ ಹೋಗಲಿ, ಟಿಕೆಟ್ ಹರಿದರೆ ಅದು ಬಾಡಿಗೆಯೇ. ಕೊಡಚಾದ್ರಿಗೆ ಜನರನ್ನು ಹತ್ತಿಸುವ ಬಾಡಿಗೆ ಜೀಪಿನವರ ವಿಮೆ, ಪರ್ಮಿಟ್ ಬೇರೆ ಬಗೆಯವು. ಅವರನ್ನು ನೋಡಿ ನೀವು ಮಾಡಬೇಡಿ.

ಸಂಘಕ್ಕೆ ಆ ದುಡ್ಡು ಎಲ್ಲಿಂದ ಬರಬೇಕು ಎಂಬುದನ್ನೂ ನೀವು ತಿಳಿದಿರುವುದು ಒಳ್ಳೆಯದು, ಏಕೆಂದರೆ ಫಲಕದಲ್ಲಿ ನಿಮ್ಮ ವಾಹನದ ಚಿತ್ರವಿರುತ್ತದೆ. ಸಶಸ್ತ್ರ ಪಡೆಗಳ ಧ್ವಜ ದಿನದ ನಿಧಿ (ಡಿಸೆಂಬರ್ 7ರಂದು ಸಂಗ್ರಹವಾಗುವುದು) ಮಾಜಿ ಸೈನಿಕರು ಮತ್ತು ಅವರ ಅವಲಂಬಿತರ ಕಲ್ಯಾಣಕ್ಕಿರುವುದು, ಅದರಿಂದ ಜೀಪಿನ ಡೀಸೆಲ್ಲಿಗೆ ಕೊಡಿ ಎಂದು ಕೇಳಬೇಡಿ. ಸೈನ್ಯದ ಹೆಸರು ಹೇಳಿ ಪೇಟೆಯಲ್ಲಿ ಡಬ್ಬಿ ಹಿಡಿಯುವುದಂತೂ ಆಗಲೇಬಾರದು. ಸಂಘ ತನ್ನ ಹೆಸರಿನಲ್ಲಿ, ನಂಬರಿರುವ ರಸೀದಿ ಕೊಟ್ಟು ಚಂದಾ ಎತ್ತಲಿ. ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಕಚೇರಿಗೆ ಮೊದಲೇ ಒಂದು ಪತ್ರ ಕೊಟ್ಟಿದ್ದರೆ ಗೊಂದಲ ಕಡಿಮೆ.

ಕಂಪನಿಗಳ ಸಿಎಸ್‌ಆರ್ ದುಡ್ಡಿನ ಬಗ್ಗೆ ಬಹಳ ಜನರಿಗೆ ತಪ್ಪು ತಿಳಿವಳಿಕೆ ಇದೆ. ಸಿಎಸ್‌ಆರ್ ಎಂದರೆ ದೊಡ್ಡ ಕಂಪನಿಗಳು ಲಾಭದ ಒಂದು ಪಾಲನ್ನು ಸಮಾಜಕ್ಕೆ ಖರ್ಚು ಮಾಡಬೇಕೆಂಬ ಕಟ್ಟಳೆ. ಮಾಜಿ ಸೈನಿಕರು, ಯುದ್ಧದಲ್ಲಿ ಮಡಿದವರ ಪತ್ನಿಯರು, ಅವಲಂಬಿತರ ನೆರವು ಆ ಪಟ್ಟಿಯಲ್ಲಿದೆ ನಿಜ. ಆದರೆ ಒಂದು ದಿನದ ಸಮಾರಂಭ, ಹೆಸರು ಮೆರೆಸುವ ಪ್ರಾಯೋಜನೆ ಅದರಲ್ಲಿ ಬರುವುದಿಲ್ಲ ಎಂದು ಕೇಂದ್ರ ಸರ್ಕಾರ 2014ರಲ್ಲೇ ಸ್ಪಷ್ಟಪಡಿಸಿದೆ. ಹಾಗಾಗಿ ಶೋರೂಮಿನವರು, ಅಡಿಕೆ ಮಂಡಿಯವರು ಕೊಡುವುದು ಸಾಮಾನ್ಯ ಪ್ರಾಯೋಜಕತ್ವ ಅಷ್ಟೇ. ಅದು ಸಂಘದ ಬ್ಯಾಂಕ್ ಖಾತೆಗೆ ಹೋಗಲಿ, ಅವರ ಹೆಸರು ಮೈದಾನದ ಬ್ಯಾನರಿನಲ್ಲಿರಲಿ. ನಿಮ್ಮ ಬಾನೆಟ್ಟಿಗೆ ಸ್ಟಿಕ್ಕರ್ ಅಂಟಿಸಿ ನಿಮ್ಮ ಫೋನಿಗೆ ದುಡ್ಡು ಹಾಕಿಸಿಕೊಳ್ಳಬೇಡಿ.

6. ಮುಚ್ಚಳಿಕೆಗೆ ಸಹಿ ಹಾಕುವ ಮುನ್ನ

“ಯಾವುದೇ ಅನಾಹುತಕ್ಕೆ ವಾಹನದ ಮಾಲೀಕರೇ ಸಂಪೂರ್ಣ ಹೊಣೆ, ಸಂಘಟಕರ ಮೇಲೆ ಬರುವ ಎಲ್ಲ ನಷ್ಟವನ್ನೂ ಮಾಲೀಕರು ಭರಿಸತಕ್ಕದ್ದು.” ಇಂಥದೊಂದು ಮುಚ್ಚಳಿಕೆಯನ್ನು ಛಾಪಾ ಕಾಗದದ ಮೇಲೆ ನಿಮ್ಮ ಮುಂದೆ ಇಡುತ್ತಾರೆ. ಸಹಿ ಹಾಕಿದರೆ ಭಾರತೀಯ ಕರಾರು ಕಾಯ್ದೆ, 1872ರ ಪ್ರಕಾರ ಅದೊಂದು ನಷ್ಟಭರ್ತಿ ಕರಾರು. ಸಂಘಟಕರ ತಪ್ಪಿನಿಂದ ಶಾಮಿಯಾನದ ಕಂಬ ಬಿದ್ದರೂ ಖರ್ಚನ್ನು ನಿಮ್ಮಿಂದ ಕೇಳಲು ಅದು ದಾರಿ ಮಾಡಿಕೊಡಬಹುದು. ಕರಾರಿನಿಂದ ನೀವಾಗಿಯೇ ತಲೆಗೆ ಕಟ್ಟಿಕೊಂಡ ಹೊಣೆಯನ್ನು ಸಾಮಾನ್ಯ ವಾಹನ ವಿಮೆ ಹೊರುವುದೂ ಇಲ್ಲ.

ತಿದ್ದಿಸಿ. “ನನ್ನ ಅಥವಾ ನನ್ನ ಚಾಲಕನ ಅಜಾಗರೂಕತೆಯಿಂದ ಆದ ಹಾನಿಗೆ, ಆ ಮಟ್ಟಿಗೆ ಮಾತ್ರ” ಎಂಬ ಮಾತು ಸೇರಬೇಕು. ಸಂಕೋಚ ಪಡಬೇಡಿ, ಕೇಳಿದರೆ ಹೆಚ್ಚಿನವರು ತಿದ್ದುತ್ತಾರೆ. ಸೈನ್ಯದ ಆವರಣದೊಳಗಾದರೆ ಅವರ ನಮೂನೆ ಬದಲಾಗುವುದಿಲ್ಲ. ಒಪ್ಪುವುದೋ ಬಿಡುವುದೋ ನಿಮ್ಮ ಆಯ್ಕೆ.

ಬದಲಿಗೆ ಸಂಘಟಕರಿಂದ ನೀವು ಒಂದನ್ನು ಕೇಳಿ: ಸಮಾರಂಭಕ್ಕೆ ಸಾರ್ವಜನಿಕ ಹೊಣೆ ವಿಮೆ ಮಾಡಿಸಿದ್ದಾರೆಯೇ? ಮೈದಾನಕ್ಕೆ ಬಂದವರಿಗೆ ಏನಾದರೂ ಆದರೆ ಸಂಘಟಕರ ಪರವಾಗಿ ಪರಿಹಾರ ಕೊಡುವ ಪಾಲಿಸಿ ಇದು. 1991ರ ಸಾರ್ವಜನಿಕ ಹೊಣೆ ವಿಮಾ ಕಾಯ್ದೆಯನ್ನು ಇದರೊಂದಿಗೆ ಗೊಂದಲ ಮಾಡಿಕೊಳ್ಳಬೇಡಿ, ಆ ಕಾಯ್ದೆ ಅಪಾಯಕಾರಿ ರಾಸಾಯನಿಕಗಳ ಕಾರ್ಖಾನೆಗಳಿಗೆ ಸಂಬಂಧಿಸಿದ್ದು. ಹೆಸರು ಕೇಳಿ ತಪ್ಪು ಪಾಲಿಸಿ ತಂದವರಿದ್ದಾರೆ. ಪಾಲಿಸಿಯಲ್ಲಿ ಎರಡು ಮೊತ್ತ ಇರುತ್ತವೆ, ಒಂದು ಅಪಘಾತಕ್ಕೆ ಎಷ್ಟು, ಇಡೀ ಅವಧಿಗೆ ಎಷ್ಟು ಎಂದು. ಮೊದಲನೆಯದನ್ನು ನೋಡಿ. ಪ್ರದರ್ಶನಕ್ಕಿಟ್ಟ ವಾಹನಗಳನ್ನು ಪಾಲಿಸಿಯಿಂದ ಹೊರಗಿಟ್ಟಿದ್ದಾರೆಯೇ ಎಂದೂ ಓದಿ, ಅನೇಕ ಸಲ ಇಟ್ಟಿರುತ್ತಾರೆ.

7. ಮೈದಾನದಲ್ಲಿ

ಹಳೆಯ ವಿಲ್ಲೀಸ್ ಮಾದರಿಯ ಜೀಪಿನಲ್ಲಿ ಹ್ಯಾಂಡ್‌ಬ್ರೇಕ್ ಚಕ್ರಗಳಲ್ಲಿ ಇರುವುದಿಲ್ಲ. ಟ್ರಾನ್ಸ್‌ಫರ್ ಕೇಸಿನ (ಎಂಜಿನ್ನಿನ ಬಲವನ್ನು ಮುಂದಿನ, ಹಿಂದಿನ ಚಕ್ರಗಳಿಗೆ ಹಂಚುವ ಪೆಟ್ಟಿಗೆ) ಬೆನ್ನಿಗೆ ಒಂದು ಡ್ರಮ್ ಇದೆ, ಅದು ಹಿಂದಿನ ಚಕ್ರಗಳಿಗೆ ಬಲ ಒಯ್ಯುವ ಪ್ರೊಪೆಲ್ಲರ್ ಶಾಫ್ಟನ್ನು ಹಿಡಿಯುತ್ತದೆ. ಶಾಫ್ಟ್ ನಿಂತರೂ, ಎರಡು ಹಿಂಚಕ್ರಗಳನ್ನು ಬೇರೆ ಬೇರೆಯಾಗಿ ತಿರುಗಲು ಬಿಡುವ ಡಿಫರೆನ್ಶಿಯಲ್‌ನಿಂದಾಗಿ ಒಂದು ಚಕ್ರ ಮುಂದಕ್ಕೆ, ಇನ್ನೊಂದು ಹಿಂದಕ್ಕೆ ತಿರುಗಬಲ್ಲದು. ಒಣ ನೆಲದಲ್ಲಿ ಇದು ಗೊತ್ತೇ ಆಗುವುದಿಲ್ಲ. ಜುಲೈ ತಿಂಗಳ ಶಾಲಾ ಮೈದಾನದಲ್ಲಿ ಒಂದು ಹಿಂಚಕ್ರ ಕೆಸರಿಗೆ ಬಂದು ಹಿಡಿತ ತಪ್ಪಿತೆನ್ನಿ, ಹ್ಯಾಂಡ್‌ಬ್ರೇಕ್ ಎಳೆದಿದ್ದರೂ ಜೀಪು ಮೆಲ್ಲಗೆ ಇಳಿಜಾರಿಗೆ ಜಾರುತ್ತದೆ. ನನ್ನದೇ ಜೀಪು ಹೀಗೆ ಮಾರುದ್ದ ಸರಿದು ಒಂದು ಪ್ಲಾಸ್ಟಿಕ್ ಕುರ್ಚಿಯನ್ನು ಅಪ್ಪಚ್ಚಿ ಮಾಡಿತು. ಕುರ್ಚಿಯಲ್ಲಿದ್ದವರು ಚಹಾಕ್ಕೆಂದು ಎದ್ದು ಹೋಗಿದ್ದರು.

ಅಂದಿನಿಂದ ನಾಲ್ಕು ಮರದ ತುಂಡು ಜೀಪಿನಲ್ಲೇ ಇರುತ್ತವೆ, ಚಕ್ರದ ಎರಡೂ ಬದಿಗೆ ಅಡ್ಡ ಕೊಡಲು. ಫೋರ್ ವೀಲ್ ಲಿವರ್ ಎಳೆದು ಗೇರಿನಲ್ಲಿ ಬಿಡಿ, ಆಗ ಮುಂದಿನ ಚಕ್ರಗಳೂ ಹಿಡಿತಕ್ಕೆ ಬರುತ್ತವೆ. ಜಾಗ ಆರಿಸುವಾಗ ಹೊಸದಾಗಿ ಮಣ್ಣು ತುಂಬಿದ ಅಂಚು ಬಿಟ್ಟು ಗಟ್ಟಿ ಜಂಬಿಟ್ಟಿಗೆಯ ನೆಲ ಹುಡುಕಿ.

ಬ್ಯಾಟರಿಯ ಅರ್ತ್ ತಂತಿ ಬಿಚ್ಚಿ, ಕೀಲಿ ಜೇಬಿನಲ್ಲಿಟ್ಟುಕೊಳ್ಳಿ. ಟ್ಯಾಂಕಿನಲ್ಲಿ ಹಿಂತಿರುಗುವಷ್ಟು ಮಾತ್ರ ಇಂಧನವಿರಲಿ. ಡ್ರೈ ಪೌಡರ್ ಬೆಂಕಿ ಆರಿಸುವ ಸಿಲಿಂಡರ್ ಕೈಗೆ ಸಿಗುವಂತಿರಲಿ. ಸುತ್ತ ಹಗ್ಗ ಕಟ್ಟಿ. ಮಕ್ಕಳು ಹತ್ತುವ ಆಸೆ ತಡೆಯಲಾಗದಿದ್ದರೆ ಒಬ್ಬರು ಪಕ್ಕದಲ್ಲೇ ನಿಂತು ಒಬ್ಬೊಬ್ಬರನ್ನೇ ಹತ್ತಿಸಿ ಇಳಿಸಬೇಕು. ಊಟಕ್ಕೆ ಹೋಗುವಾಗಲೂ ವಾಹನದ ಬಳಿ ಕಾವಲಿರಲಿ.

ಮತ್ತೊಂದು, ನಮ್ಮ ತೋಟದ ಮನೆಗಳ ಪದ್ಧತಿ ಗೊತ್ತಿರುವುದರಿಂದ ಹೇಳುತ್ತೇನೆ. ಹದಿನಾರರ ಹುಡುಗ ಜೀಪನ್ನು ಅಪ್ಪನಿಗಿಂತ ಚೆನ್ನಾಗಿ ಓಡಿಸುತ್ತಾನೆ, ಒಪ್ಪಿದೆ. ಮೈದಾನದೊಳಗೆ ಹತ್ತಡಿ ಹಿಂದೆ ಮುಂದೆ ಮಾಡಲೂ ಅವನ ಕೈಗೆ ಕೊಡಬೇಡಿ. ಮೋಟಾರು ವಾಹನ ಕಾಯ್ದೆಯ 199ಎ ಕಲಮಿನಲ್ಲಿ ಪೋಷಕರಿಗೆ ಮೂರು ವರ್ಷದವರೆಗೆ ಸಜೆ, 25,000 ರೂಪಾಯಿ ದಂಡ ಇದೆ.

8. ಏನಾದರೂ ಆದರೆ

ಗಾಯಾಳುವನ್ನು ಮೊದಲು ಆಸ್ಪತ್ರೆಗೆ ಕಳಿಸಿ, 108 ಅಥವಾ 112. ಬೇರೆಯವರಿಗೆ ಅಪಾಯವಿಲ್ಲದಿದ್ದರೆ ವಾಹನವನ್ನು ಅಲ್ಲಾಡಿಸದೆ ನಾಲ್ಕೂ ಬದಿಯಿಂದ ಫೋಟೊ ತೆಗೆಯಿರಿ, ಚಕ್ರಕ್ಕೆ ಕೊಟ್ಟ ಅಡ್ಡ, ಕಟ್ಟಿದ ಹಗ್ಗ ಅದರಲ್ಲಿ ಕಾಣಲಿ. ಪೊಲೀಸರಿಗೆ ಮತ್ತು ವಿಮಾ ಕಂಪನಿಗೆ ಅದೇ ದಿನ ತಿಳಿಸಿ. ಸ್ಥಳದಲ್ಲಿ ಹಿರಿಯರು ಕುಳಿತು “ಇಷ್ಟು ಕೊಟ್ಟು ಮುಗಿಸಿಬಿಡಿ” ಎಂದರೆ ಚಿಕಿತ್ಸೆಯ ತುರ್ತು ಖರ್ಚು ಕೊಡಿ, ತಪ್ಪೊಪ್ಪಿಗೆಯ ಚೀಟಿ ಮಾತ್ರ ಬರೆದುಕೊಡಬೇಡಿ. ಕಂಪನಿಗೆ ತಿಳಿಸದೆ ಹೊಣೆ ಒಪ್ಪಿಕೊಳ್ಳುವುದು ಪಾಲಿಸಿಯ ಷರತ್ತಿಗೆ ವಿರುದ್ಧ. ಅಜಾಗರೂಕತೆಯಿಂದ ಜೀವ ಹೋದರೆ ನ್ಯಾಯ ಸಂಹಿತೆಯ 106ನೇ ಕಲಂ ಬರುತ್ತದೆ, ಐದು ವರ್ಷದವರೆಗೆ ಸಜೆ, ಅದಕ್ಕೆ ಯಾವ ವಿಮೆಯೂ ಇಲ್ಲ. ಆಗ ಕಾದು ಕೂರದೆ ವಕೀಲರನ್ನು ಕಾಣಿ.

ಏನೂ ಆಗದೆ ಸಂಜೆ ಮನೆಗೆ ಬಂದಿರಾದರೆ ಒಂದು ಕೆಲಸ ಬಾಕಿಯಿರುತ್ತದೆ. ಆಹ್ವಾನ ಪತ್ರ, ಪಾಲಿಸಿ, ವಿಮಾ ಶಾಖೆಯ ಇಮೇಲ್, ಬಂಕಿನ ಬಿಲ್ಲಿನ ನಕಲು, ತಿದ್ದಿದ ಮುಚ್ಚಳಿಕೆ, ಎಲ್ಲವನ್ನೂ ಒಂದು ಕವರಿಗೆ ಹಾಕಿ ಮೇಲೆ ದಿನಾಂಕ ಬರೆದು ಕಪಾಟಿನಲ್ಲಿಡಿ. ಜೀಪಿನ ಡ್ಯಾಶ್‌ಬೋರ್ಡಿನಲ್ಲಿ ಬೇಡ, ಒಂದೇ ಮಳೆಗಾಲಕ್ಕೆ ಬೂಷ್ಟು ಹಿಡಿಯುತ್ತದೆ.